ಕೆಮಿಕಲ್ ಇಲ್ಲದ ಸೋಪು

ಪಿಯುಸಿ ಹುಡುಗರಿಗೆ ಕೆಮಿಸ್ಟ್ರಿ ಟ್ಯೂಷನ್ ಹೇಳುವುದು ನನ್ನ ಹೊಟ್ಟೆಪಾಡು. ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿದರೆ ಸೋಪು, ಜೊತೆಗೆ ಗ್ಲಿಸರಿನ್; ಸೋಪಿನ ನೀರಿಗೆ ಕೆಂಪು ಲಿಟ್ಮಸ್ ನೀಲಿಯಾಗುತ್ತದೆ. ಇಷ್ಟನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಸ್ವಂತ ಕೂಸಿಗೆ ಎರೆಯುವಾಗ ಮಾತ್ರ ಈ ವಿದ್ಯೆ ನೆನಪಿಗೆ ಬರಲಿಲ್ಲ.

ಮಕ್ಕಳ ಡಾಕ್ಟರು ಬರೆದುಕೊಟ್ಟಿದ್ದ ಬೇಬಿ ಬಾರಿನ ಹಿಂದೆ ಮೊದಲ ಹೆಸರೇ ಸೋಡಿಯಂ ಕೊಕೊಯ್ಲ್ ಐಸೆಥಯೊನೇಟ್. ಸೋಡಿಯಂ ಲಾರಿಲ್ ಸಲ್ಫೇಟ್ ವಿಷವೆಂದು ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದನ್ನು ಓದಿದ್ದೆ. ಇದೂ ಅದರ ದಾಯಾದಿಯೇ ಇರಬೇಕು ಅನ್ನಿಸಿತು. ಕಸಕ್ಕೆ ಹಾಕಿ, ಮೇಳವೊಂದರಲ್ಲಿ ಸಿಕ್ಕ ತೆಂಗಿನೆಣ್ಣೆ ಸೋಪು ತಂದೆ. ಅದಕ್ಕೆ ‘ಕೆಮಿಕಲ್ ಇಲ್ಲ’ ಎಂಬ ಕೈಬರಹದ ಚೀಟಿ. ಕಾಸ್ಟಿಕ್ ಇಲ್ಲದೆ ಇದು ಸೋಪಾದದ್ದು ಹೇಗೆ ಎಂದು ಆ ಮೇಳದಲ್ಲಿ ಕೇಳಬೇಕಾಗಿದ್ದವನು ನಾನೇ.

ಅದು 2024ರ ಬೇಸಿಗೆ. ಲಾಲ್‌ಬಾಗಿನ ಸಿದ್ದಾಪುರ ಗೇಟಿಗೆ ಹತ್ತಿರದ ನಮ್ಮ ಬೀದಿಯಲ್ಲಿ ಕಾವೇರಿ ನೀರು ಬಂದರೆ ಬಂತು. ಸಂಪಿಗೆ ಟ್ಯಾಂಕರಿನ ಬೋರ್‌ವೆಲ್ ನೀರೇ ಗತಿ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಡನೆ ಕೂಡಿ ಬಕೆಟ್ಟಿನ ಅಂಚಿಗೆ ಬಿಳಿ ಜಿಡ್ಡು ಹತ್ತುತ್ತಿತ್ತು. ಅದು ಮಗಳ ಮೊಣಕೈ ಮಡಿಕೆಯಲ್ಲೂ ಕೂತಿರಬಹುದೆಂದು ಹೊಳೆಯಲಿಲ್ಲ. ಚರ್ಮ ಮೊದಲು ಒರಟಾಯಿತು, ಆಮೇಲೆ ಕೆಂಪಾಯಿತು, ಕೆರೆದು ಕೆರೆದು ರಸ ಒಸರಿತು. ಬೆವರುಸಾಲೆ ಎಂದುಕೊಂಡು ಇನ್ನಷ್ಟು ನೊರೆ ಮಾಡಿ ಉಜ್ಜಿದೆ. ಅವಳ ಕಿರುಚಾಟವನ್ನು ನೀರಿನ ಹಟ ಅಂದುಕೊಂಡೆ.

ಚರ್ಮದ ಡಾಕ್ಟರು ನೋಡಿದವರೇ ಇಸುಬು ಎಂದರು. ಹುಟ್ಟಿದಾಗ ಕೂಸಿನ ಚರ್ಮದ ಪಿಎಚ್ 7ರ ಆಸುಪಾಸಿನಲ್ಲಿದ್ದು, ವಾರಗಳಲ್ಲಿ ಇಳಿದು 5.5ರ ಹತ್ತಿರ ಬರುತ್ತದೆ. ತೇವ ಹಿಡಿದಿಡುವುದಕ್ಕೂ ಕೀಟಾಣುಗಳನ್ನು ದೂರವಿಡುವುದಕ್ಕೂ ಆ ಹುಳಿ ಬೇಕು. ನಿಜವಾದ ಸೋಪು, ಎಷ್ಟೇ ‘ನೈಸರ್ಗಿಕ’ವಾಗಿರಲಿ, 9–10. ಇಸುಬಿನ ಪ್ರವೃತ್ತಿ ಅವಳಿಗೆ ಹುಟ್ಟಿನಿಂದಲೇ ಇದ್ದೀತು, ಸೋಪು ಅದನ್ನು ಕೆರಳಿಸಿತು ಎಂದರು.

ಮನೆಗೆ ಬಂದು ಟ್ಯೂಷನ್ ಕಪಾಟಿನಿಂದ ಪಿಎಚ್ ಕಾಗದ ತೆಗೆದೆ. ನನ್ನ ಸೋಪಿನ ನೊರೆಗೆ ಕಡುನೀಲಿ. ಮತ್ತೆ ಕೊಂಡು ತಂದಿದ್ದ ಆ ಬೇಬಿ ಬಾರಿಗೆ ಹಳದಿ ಬೆರೆತ ಹಸಿರು.

ವಾಟ್ಸ್‌ಆ್ಯಪ್ ಪೂರ್ತಿ ಸುಳ್ಳು ಹೇಳಿರಲಿಲ್ಲ. ಲಾರಿಲ್ ಸಲ್ಫೇಟ್ ಚರ್ಮವನ್ನು ಎಷ್ಟು ಕೆರಳಿಸುತ್ತದೆಂದರೆ, ಉರಿ ಹುಟ್ಟಿಸಿ ನೋಡುವ ಪರೀಕ್ಷೆಗಳಲ್ಲಿ ಸಂಶೋಧಕರು ಬೇಕೆಂದೇ ಅದನ್ನು ಬಳಸುತ್ತಾರೆ. ಐಸೆಥಯೊನೇಟ್ ತೀರ ಸೌಮ್ಯ. ಎರಡನ್ನೂ ತೆಂಗಿನೆಣ್ಣೆಯಿಂದ ಮಾಡಬಹುದು. ನನ್ನ ಸೋಪೂ ತೆಂಗಿನೆಣ್ಣೆಯದೇ.

ಕಡಲೆಹಿಟ್ಟು ಹಚ್ಚೋಣವೇ ಎಂದರು ಅತ್ತೆ. ಬಿರುಕು ಬಿಟ್ಟ ಚರ್ಮವನ್ನು ಯಾವುದರಿಂದಲೂ ಉಜ್ಜಬೇಡಿ ಎಂದರು ಡಾಕ್ಟರು. ಕತ್ತು, ಕಂಕುಳು, ತೊಡೆಸಂದಿಗೆ ಆ ಬಾರು. ಉಳಿದ ಮೈಗೆ ಬರೀ ಉಗುರುಬೆಚ್ಚಗಿನ ನೀರು. ಪಸೆ ಆರುವ ಮೊದಲೇ ಮಾಯಿಶ್ಚರೈಸರ್. ಕೆಮಿಕಲ್ ಇಲ್ಲದ ಸೋಪಿನಲ್ಲಿ ಈಗ ನನ್ನ ಬನಿಯನ್ ಒಗೆಯುತ್ತೇನೆ. ಕೊಳೆ ಚೆನ್ನಾಗಿ ಬಿಡುತ್ತದೆ.