ಹಾರೆ ಇಳಿದ ಕಡೆ

ಆ ವರ್ಷ ಮುಂಗಾರು ಇನ್ನೂ ಹಿಡಿದಿರಲಿಲ್ಲ. ಅರಕಲಗೂಡು ಕಡೆಯ ರೈತರೊಬ್ಬರು ಹೊಗೆಸೊಪ್ಪಿನ ದುಡ್ಡಲ್ಲಿ ಮಗಳಿಗೆಂದು ಚನ್ನರಾಯಪಟ್ಟಣದಲ್ಲಿ 30–40ರ ಸೈಟು ಕೊಂಡಿದ್ದರು. ಹಾಸನದಿಂದ ನಾನು, ಹೊಳೆನರಸೀಪುರದಿಂದ ಮೇಸ್ತ್ರಿ, ಬೆಳಿಗ್ಗೆ ಏಳಕ್ಕೇ ಹೋಗಿ ನಿಂತಿದ್ದೆವು. ಕೆಂಪು ಮಣ್ಣು ಹರಡಿ ಚೆಂದಾಗಿ ಮಟ್ಟ ಮಾಡಿದ ಜಾಗ. ಗುದ್ದಲಿ ಪೂಜೆಗೆ ಕಾಯಿ, ಅರಿಶಿನ ಎಲ್ಲ ಬಂದಿತ್ತು.

ಮೇಸ್ತ್ರಿ ಮಾತ್ರ ಹಾರೆ ಹಿಡಿದು ಸೈಟಿನ ಉದ್ದಕ್ಕೂ ಕುಕ್ಕುತ್ತಾ ನಡೆದರು. ಮೂಡಲ ಮೂಲೆಯಲ್ಲಿ ಏಟು ಕೈಗೇ ವಾಪಸ್ ಬರುತ್ತಿತ್ತು. ಪಡುವಲಲ್ಲಿ ಅದೇ ಹಾರೆ ಸದ್ದಿಲ್ಲದೆ ಮೊಳದುದ್ದ ಇಳಿಯಿತು. ದೊಡ್ಡ ಕಟ್ಟಡಗಳಿಗೆ 63.5 ಕೆ.ಜಿ. ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಏಟು ಬೇಕೆಂದು ಎಣಿಸುತ್ತೇವೆ. ಅವರ ಹಾರೆ ಕೇಳುತ್ತಿದ್ದುದೂ ಅದೇ ಪ್ರಶ್ನೆ.

ಪಕ್ಕದ ಮನೆ ಅಜ್ಜಿ ಬೇಲಿ ಹತ್ತಿರ ಬಂದರು. "ಅದು ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿ ಕಣಪ್ಪ. ನಮ್ಮ ಎಮ್ಮೆ ಅದ್ರಲ್ಲೇ ಬಿದ್ಕೊಂಡಿರ್ತಿತ್ತು."

ಪೂಜೆ ನಿಲ್ಲಿಸಿ ಗುಂಡಿ ತೋಡಿಸಿದೆ. ಎರಡಡಿ ಕೆಂಪು ಮಣ್ಣು. ಕೆಳಗೆ ಇಟ್ಟಿಗೆ ಚೂರು, ಬೂದಿ, ಪ್ಲಾಸ್ಟಿಕ್ಕು, ತೆಂಗಿನ ಸಿಪ್ಪೆ. ಒಂದು ಸಿಪ್ಪೆ ಹಿಂಡಿದರೆ ಬೆರಳ ಸಂದಿಯಲ್ಲಿ ಕಪ್ಪು ನೀರು ಇಳಿಯಿತು. ಒಂಬತ್ತಡಿಗೆ ಗೊರಚು ಸಿಕ್ಕಿತು.

ತುಂಬಿದ ಮಣ್ಣೆಲ್ಲ ಕೆಟ್ಟದ್ದಲ್ಲ. ಒಳ್ಳೆ ಮಣ್ಣನ್ನು ಅರ್ಧ ಅಡಿಗೊಂದು ಪದರವಾಗಿ ಹಾಕಿ, ಹದಕ್ಕೆ ನೀರು ಬಿಟ್ಟು, ರೋಲರ್ ಹೊಡೆದಿದ್ದರೆ ಅದು ಮನೆ ಹೊರುತ್ತದೆ. ಇದು ಲಾರಿಯಿಂದ ಸುರಿದದ್ದು. ಸಿಪ್ಪೆ ಕೊಳೆತಷ್ಟು ದಿನವೂ ಕೂರುತ್ತಲೇ ಇರುತ್ತದೆ. ಮನೆ ಪೂರ್ತಿ ಒಂದೇ ಸಮ ಕುಸಿದರೆ ಹೇಗೋ ತಡೆದುಕೊಂಡೀತು. ಇಲ್ಲಿ ಅರ್ಧ ಗಟ್ಟಿ ನೆಲ, ಅರ್ಧ ಗುಂಡಿ. ಸೈಜುಗಲ್ಲಿನ ಪಾಯ ಹಾಕಿದ್ದರೆ ನಡುಗೋಡೆ ಓರೆಯಾಗಿ ಸೀಳುತ್ತಿತ್ತು.

ಯಜಮಾನರು ಗುಂಡಿಯ ಅಂಚಿನಲ್ಲಿ ಕೂತುಬಿಟ್ಟರು. ಮಾರಿದವನಿಗೆ ಒಂದು ಬೈಗುಳವನ್ನೂ ಆಡಲಿಲ್ಲ. ಅದು ನನಗೆ ಇನ್ನೂ ಸಂಕಟ.

ಪಡುವಲ ಕಂಬಗಳನ್ನೆಲ್ಲ ಗೊರಚಿನವರೆಗೆ ಇಳಿಸಿ, ಮೂಡಲ ಕಂಬಗಳೊಂದಿಗೆ ಪ್ಲಿಂತ್ ಬೀಮಿನಿಂದ ಬಿಗಿದೆವು. ಕಸದ ಮಣ್ಣು ಹೊರಗೆ ಸಾಗಿಸಿ, ಗೊರಚು ತರಿಸಿ, ಪದರ ಪದರವಾಗಿ ದಮ್ಮಸು ಮಾಡಿ ನೆಲ ತುಂಬಿದೆವು. ಮಹಡಿಗೆಂದು ಇಟ್ಟ ದುಡ್ಡು ಮಣ್ಣಿನೊಳಗೇ ಮುಗಿಯಿತು.

"ಮೇಲಿಂದು ಅವಳು ಯಾವಾಗಾದ್ರೂ ಕಟ್ಕೊತಾಳೆ ಬಿಡಿ," ಅಂದರು.

ಹೋದ ವರ್ಷ ಆ ಬೀದಿಯಲ್ಲಿ ಹಾದುಹೋದೆ. ನಡುಗೋಡೆ ನೋಡಲೆಂದೇ ಒಳಗೆ ಹೋದೆ, ಕೈಯಾಡಿಸಿದೆ, ಕೂದಲೆಳೆಯಷ್ಟೂ ಬಿರುಕಿಲ್ಲ. ತಾರಸಿಯ ಮೇಲೆ ಕಂಬದ ಕಂಬಿಗಳು ಇನ್ನೂ ಹಾಗೇ ನಿಂತಿದ್ದವು; ಎರಡರ ನಡುವೆ ದಾರ ಕಟ್ಟಿ ಮಗುವಿನ ಬಟ್ಟೆ ಒಣಹಾಕಿದ್ದರು.