ಹಾರ್ಬರ್ ಹಾದಿಯ ಹಳೆಯ ಬಂಡಿ

ಮುಂಬಯಿಯನ್ನು ಕಂಡು ಬಂದವರು ಬಹುಮಟ್ಟಿಗೆ ಅಲ್ಲಿಯ ಕಡಲನ್ನೂ ಸೌಧಗಳನ್ನೂ ವರ್ಣಿಸುವರು. ಬಾಲ್ಯವನ್ನು ಅಲ್ಲಿ ಕಳೆದ ಅಣ್ಣ ತಂಗಿಯರಾದ ನಮಗಾದರೋ ಆ ನಗರದ ಹೆಸರು ಕೇಳಿದೊಡನೆ ಹಳೆಯ ಲೋಕಲ್ ಬಂಡಿಯ ಮರದ ಹಲಗೆಯ ಆಸನವೇ ನೆನಪಿಗೆ ಬರುತ್ತದೆ.

ಭಾರತದಲ್ಲಿ ವಿದ್ಯುಚ್ಛಕ್ತಿಯ ರೈಲುಬಂಡಿಯು ಮೊತ್ತಮೊದಲು ಓಡಿದುದು 1925ನೆಯ ಇಸವಿ ಫೆಬ್ರವರಿ 3ರಂದು. ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾದವರೆಗೆ, ಬಂದರಿನ ಬದಿಯ ಹಾರ್ಬರ್ ಹಾದಿಯಲ್ಲಿ. ಮೇಲಿನ ತಂತಿಯಲ್ಲಿ 1500 ವೋಲ್ಟಿನ ನೇರ ವಿದ್ಯುತ್ತು; ಬಂಡಿಯ ನೆತ್ತಿಯ ಚೌಕಟ್ಟು ಅದನ್ನು ಮುಟ್ಟಿಕೊಂಡೇ ಸಾಗುವುದು. ಮೋಟಾರಿಗೆ ಶಕ್ತಿಯನ್ನು ಹಂತಹಂತವಾಗಿ ಕೊಡುತ್ತಿದ್ದುದರಿಂದ, ಹೊರಡುವಾಗ ಮೊದಲೊಂದು ಸಣ್ಣ ಜಗ್ಗು, ಅದರ ಹಿಂದೆಯೇ ಮತ್ತೊಂದು. ನಿಂತವರೆಲ್ಲರೂ ಒಮ್ಮೆಗೇ ಹಿಂದಕ್ಕೆ ವಾಲುವರು. ಹೊಗೆಯಿಲ್ಲ, ಮಸಿಯಿಲ್ಲ. ಸ್ಯಾಂಡ್‌ಹರ್ಸ್ಟ್ ರೋಡಿನ ಬಳಿ ಹಳಿಯು ಬೀದಿಗಿಂತ ಮೇಲೆ ಹಾಯುವುದು. ಅಲ್ಲಿ ಮಹಡಿಯ ಮನೆಗಳ ಕಿಟಕಿಗಳು ನಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತಿದ್ದುವು.

ದಕ್ಷಿಣ ಕನ್ನಡದಿಂದ ಬಂದ ನಮ್ಮ ತಂದೆಯವರು ಫೋರ್ಟಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಬಿಡಾರ ವಡಾಳಾದಲ್ಲಿ. ರಜೆಯ ದಿನ ನಮ್ಮನ್ನು ಬಂಡಿಯಲ್ಲಿ ಕೂರಿಸಿಕೊಂಡು, ಪ್ರತಿಯೊಂದು ನಿಲ್ದಾಣದಲ್ಲಿಯೂ ನಾಗರೀ ಫಲಕವನ್ನು ತೋರಿಸಿ, “ಏನು ಬರೆದಿದೆ, ಓದಿ ನೋಡುವ” ಎನ್ನುತ್ತಿದ್ದರು. ಶಾಲೆಯಲ್ಲಿ ಆ ಲಿಪಿಯನ್ನು ಕಲಿಯುತ್ತಿದ್ದ ನಾವು, ಇದು ಪರೀಕ್ಷೆಯೆಂದು ತಿಳಿದು, ಶಿವಡಿ, ಕಾಟನ್ ಗ್ರೀನ್, ರೇ ರೋಡ್ ಎಂದು ಗಟ್ಟಿಯಾಗಿ ಕೂಗುತ್ತಿದ್ದೆವು.

ಒಂದು ಸಂಜೆ ಹಿಂದಿರುಗುವಾಗ ನಾವು ನಿದ್ದೆಹೋದೆವೆಂದು ಅವರು ಬಗೆದಿರಬೇಕು. ಬಂಡಿ ನಿಂತಿತು. ಕಿವಿಯ ಬಳಿ ಮೆಲುದನಿ ಕೇಳಿಸಿತು: “ಶಿ... ವ... ಡೀ.” ಕನ್ನಡವಲ್ಲದೆ ಬೇರೆ ಅಕ್ಷರವನ್ನರಿಯದ ತಂದೆಯವರು ಬೆರಳಿನಿಂದ ತೊಡೆಯ ಮೇಲೆ ಅದನ್ನು ತಿದ್ದುತ್ತಿದ್ದರು. ನಾವು ಕಣ್ಣು ತೆರೆಯಲಿಲ್ಲ. ಬಂದ ಹೊಸತರಲ್ಲಿ ಫಲಕವನ್ನು ಓದಲಾರದೆ ತಪ್ಪು ನಿಲ್ದಾಣದಲ್ಲಿ ಇಳಿದು, ಅರ್ಧ ದಿನದ ಸಂಬಳವನ್ನು ಕಳೆದುಕೊಂಡಿದ್ದರೆಂದು ತಾಯಿಯವರು ಎಷ್ಟೋ ಕಾಲದ ಮೇಲೆ ಹೇಳಿದರು. ಆ ಬಳಿಕವೂ ನಾವು ಫಲಕಗಳನ್ನು ಓದಿದೆವು. ಆದರೆ ನಿಧಾನವಾಗಿ, ಅಕ್ಷರ ಬಿಡಿಸಿ ಓದಿದೆವು.

ಮುಂದೆ ತಂತಿಗಳಿಗೆ 25,000 ವೋಲ್ಟಿನ ಪರ್ಯಾಯ ವಿದ್ಯುತ್ತು ಬಂದಿತು. ಹಳೆಯ ಬಗೆಯ ಕಡೆಯ ಲೋಕಲ್ ಬಂಡಿಯು 2016ನೆಯ ಇಸವಿ ಏಪ್ರಿಲ್ 9ರ ರಾತ್ರಿ, ಮೊದಲನೆಯದು ಓಡಿದ ಆ ಹಾದಿಯಲ್ಲಿಯೇ ಕುರ್ಲಾದಿಂದ ಹೊರಟು ತನ್ನ ಓಟವನ್ನು ಮುಗಿಸಿತು. ಈಗಿನ ಬಂಡಿ ಹೆಚ್ಚು ನಯವಾಗಿ ಹೊರಡುತ್ತದೆ. ತಂದೆಯವರೂ ಇಲ್ಲ. ಆದರೂ ಶಿವಡಿಯಲ್ಲಿ ಬಂಡಿ ನಿಂತರೆ ನಮ್ಮ ತುಟಿಗಳು ತಾವಾಗಿಯೇ ಅಲುಗುವುವು. ಮೂರು ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳಿ ಸುಮ್ಮನಾಗುವೆವು.