ಬೇನೆಯ ಮಾತು

ನಮ್ಮ ಸ್ಟಾಫ್ ರೂಮಿನಲ್ಲಿ ಯಾರದಾದರೂ ಸೀಮಂತದ ಸಿಹಿ ಹಂಚಿದರೆ ಸಾಕು, ಮಾತು ಹೆರಿಗೆಯ ಕಡೆಗೇ ಹೊರಳುತ್ತದೆ. ಗಣಿತದವರು, ಕನ್ನಡದವರು, ಹೊಲಿಗೆ ಟೀಚರು ಎಂಬ ಭೇದವಿಲ್ಲ. ಒಬ್ಬರದು ಹದಿನೆಂಟು ಗಂಟೆ, ಇನ್ನೊಬ್ಬರದು ಎರಡು ರಾತ್ರಿ. ಕಳೆದ ವರ್ಷ ಹೀಗೇ ಮಾತು ನಡೆದಾಗ, ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು, "ಬೆನ್ನಿಗೆ ಸೂಜಿ ಕೊಟ್ಟು ನೋವಾಗದ ಹಾಗೆ ಮಾಡ್ತಾರಂತಲ್ಲ ಮೇಡಂ, ನಾನು ಅದನ್ನೇ ಕೇಳೋಣ ಅಂತಿದ್ದೀನಿ" ಅಂದಳು. ಶುರುವಾಯಿತು ನೋಡಿ ಉಪದೇಶ! ಜನ್ಮಪೂರ್ತಿ ಬೆನ್ನುನೋವು ಬರುತ್ತದೆ ಎಂದರು ಒಬ್ಬರು. ನೋವು ತಿನ್ನದೆ ಹೆತ್ತರೆ ಮಗುವಿನ ಮೇಲೆ ಮಮತೆಯೇ ಹುಟ್ಟುವುದಿಲ್ಲ ಎಂದರು ಇನ್ನೊಬ್ಬರು. "ನಾವೆಲ್ಲ ಹೆರಲಿಲ್ಲವೇ?" ಎಂಬುದಂತೂ ಎಲ್ಲರ ಬಾಯಲ್ಲೂ ಬಂತು. ಹಲ್ಲು ಕೀಳಿಸುವಾಗ ಇಂಜೆಕ್ಷನ್ ಬೇಡವೆನ್ನುವವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ.

ಈ ವಾದ ನಮ್ಮ ಊರಿನದಷ್ಟೇ ಅಲ್ಲ. 1847ರಲ್ಲಿ ಎಡಿನ್‌ಬರೋದ ಡಾಕ್ಟರ್ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯ ಹೆಂಗಸರಿಗೆ ಮೊದಲು ಈಥರ್, ಆಮೇಲೆ ಕ್ಲೋರೋಫಾರ್ಮ್ ಮೂಸಿಸಿದಾಗ, ನೋವಿನಿಂದಲೇ ಹೆರಬೇಕೆಂದು ಬೈಬಲಿನಲ್ಲೇ ಇದೆಯಲ್ಲ ಎಂಬ ಮಾತು ಎದ್ದಿತು. ಸಿಂಪ್ಸನ್ ಕೂಡ ಬೈಬಲಿನಿಂದಲೇ ಉತ್ತರ ಕೊಟ್ಟ: ಆದಮನ ಪಕ್ಕೆಲುಬು ತೆಗೆಯುವ ಮೊದಲು ದೇವರು ಅವನಿಗೆ ಗಾಢನಿದ್ದೆ ಬರಿಸಲಿಲ್ಲವೇ? ನಿಜ ಹೇಳಬೇಕೆಂದರೆ ಪಾದ್ರಿಗಳಿಗಿಂತ ವೈದ್ಯರ ವಿರೋಧವೇ ಜೋರಾಗಿತ್ತು. 1853ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಹೆರಿಗೆಗೆ ಡಾಕ್ಟರ್ ಜಾನ್ ಸ್ನೋನನ್ನು ಕರೆಸಿ, ಕರವಸ್ತ್ರದ ಮೇಲೆ ಕ್ಲೋರೋಫಾರ್ಮ್ ಹಾಕಿಸಿಕೊಂಡಳು. ರಾಣಿಯೇ ತೆಗೆದುಕೊಂಡ ಮೇಲೆ ಮಿಕ್ಕವರ ಬಾಯಿ ಸ್ವಲ್ಪ ಸ್ವಲ್ಪವಾಗಿ ಮುಚ್ಚಿತು. ಏಳು ಹೆರಿಗೆಯ ಅನುಭವ ಇದ್ದವಳಿಗೆ ಯಾರು ಬುದ್ಧಿ ಹೇಳಿಯಾರು?

ನೋವು ತಪ್ಪಿಸುತ್ತೇವೆಂದು ಮಾಡಿದ್ದೆಲ್ಲವೂ ಒಳ್ಳೆಯದೇ ಆಗಿತ್ತೆಂದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ 'ಮುಸ್ಸಂಜೆಯ ನಿದ್ದೆ' ಎಂಬ ಚಂದದ ಹೆಸರಿನ ಪದ್ಧತಿ ಬಂತು. ಮಾರ್ಫಿನ್ ಮತ್ತು ಸ್ಕೊಪೊಲಮಿನ್ ಎಂಬ ಎರಡು ಔಷಧಿಗಳ ಇಂಜೆಕ್ಷನ್. 1914ರಲ್ಲಿ ಅಮೆರಿಕದ ಹೆಂಗಸರು ಇದು ನಮಗೂ ಬೇಕೆಂದು ಚಳವಳಿಯನ್ನೇ ನಡೆಸಿದರು. ಆದರೆ ಆ ಔಷಧಿ ನೋವನ್ನು ಕಳೆಯುವುದಕ್ಕಿಂತ ಹೆಚ್ಚಾಗಿ ನೋವಿನ ನೆನಪನ್ನು ಅಳಿಸುತ್ತಿತ್ತು. ಹೆಂಗಸರು ಮೈಮೇಲೆ ಎಚ್ಚರವಿಲ್ಲದೆ ಚೀರಾಡುತ್ತಿದ್ದರು, ಹೊರಳಾಡದಂತೆ ಅವರನ್ನು ಮಂಚಕ್ಕೆ ಕಟ್ಟುವುದೂ ಇತ್ತು. ಬೆಳಗ್ಗೆ ಎದ್ದಾಗ ಮಾತ್ರ ಏನೂ ಆಗಿಲ್ಲವೆಂಬ ಭಾವನೆ. 'ಮಗುವಿನ ಮುಖ ಕಂಡರೆ ನೋವೆಲ್ಲ ಮರೆಯುತ್ತದೆ' ಎಂದು ನಮ್ಮಲ್ಲಿ ಯಾರಾದರೂ ಹೇಳಿದಾಗ ನನಗೆ ಇದು ನೆನಪಾಗುತ್ತದೆ. ಮರೆತರೆ ನೋವು ಇರಲಿಲ್ಲವೆಂದಾಯಿತೇ?

ಈಗಿನ ಸೂಜಿಯ ರೀತಿ ಬೇರೆ. ಸೊಂಟದ ಮೂಳೆಗಳ ಸಂದಿನಲ್ಲಿ ತೆಳುವಾದ ನಳಿಕೆ ಇಟ್ಟು, ಬೆನ್ನುಹುರಿಯ ಹೊದಿಕೆಯ ಹೊರಗೆ ಔಷಧಿ ಬಿಡುತ್ತಾರೆ. ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಆದರೆ ಜನ್ಮದ ಬೆನ್ನುನೋವು ಇದರಿಂದ ಬರುತ್ತದೆಂಬುದು ಪರೀಕ್ಷೆ ಮಾಡಿದಾಗ ನಿಂತಿಲ್ಲ. ಫ್ರಾನ್ಸಿನಲ್ಲಿ 1994ರಿಂದ ಇದರ ಖರ್ಚನ್ನು ಸರ್ಕಾರದ ವಿಮೆಯೇ ಕೊಡುತ್ತದೆ. ಹತ್ತರಲ್ಲಿ ಎಂಟು ತಾಯಂದಿರು ತೆಗೆದುಕೊಳ್ಳುತ್ತಾರೆ, ಯಾರೂ ಅವರ ಮಮತೆಯನ್ನು ಅಳೆಯಲು ಹೋಗಿಲ್ಲ. ಇಂಗ್ಲೆಂಡಿನವರು ಗ್ಯಾಸಿನ ಜನ. ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಮ್ಲಜನಕ. ಕೊಳವೆ ತಾಯಿಯ ಕೈಯಲ್ಲೇ ಇರುತ್ತದೆ, ಬೇಕಾದಾಗ ಎಳೆದುಕೊಳ್ಳಬಹುದು. ಜಪಾನ್ ಮಾತ್ರ ನಮ್ಮ ಸ್ಟಾಫ್ ರೂಮಿಗೆ ಹತ್ತಿರ. ಬುಲೆಟ್ ರೈಲು ಓಡಿಸಿದ ದೇಶದಲ್ಲಿ ಬಹುಕಾಲ ಹತ್ತರಲ್ಲಿ ಒಬ್ಬಳೂ ಈ ಸೂಜಿ ತೆಗೆದುಕೊಳ್ಳುತ್ತಿರಲಿಲ್ಲ. 'ಹೊಟ್ಟೆ ನೋಯಿಸಿಕೊಂಡು ಹೆತ್ತ ಮಗು' ಎಂಬ ನುಡಿಗಟ್ಟೇ ಅವರ ಭಾಷೆಯಲ್ಲಿದೆ. ಈಚೆಗೆ ಅಲ್ಲಿಯೂ ಗಾಳಿ ತಿರುಗಿದೆ. 2025ರ ಅಕ್ಟೋಬರಿನಿಂದ ಟೋಕಿಯೋ ಆಡಳಿತ ಇದಕ್ಕಾಗಿ ಒಂದು ಲಕ್ಷ ಯೆನ್‌ವರೆಗೆ ಸಹಾಯಧನ ಕೊಡತೊಡಗಿತು.

ನನ್ನ ಮಗಳಿರುವುದು ಹಾಲೆಂಡಿನ ಐಂಡ್‌ಹೋವನ್‌ನಲ್ಲಿ. ಮೊದಲ ಬಾಣಂತನಕ್ಕೆ ನಾನೇ ಹೋಗಿದ್ದೆ. ಅಲ್ಲಿ ಹೆರಿಗೆ ಕಾಯಿಲೆಯಲ್ಲ. ತೊಂದರೆಯಿಲ್ಲದ ಬಸುರಿಯನ್ನು ನೋಡಿಕೊಳ್ಳುವುದು ತರಬೇತಾದ ಸೂಲಗಿತ್ತಿ, ಡಾಕ್ಟರಲ್ಲ. 1990ರ ದಶಕದಲ್ಲಿ ಸುಮಾರು ಮೂರರಲ್ಲೊಂದು ಹೆರಿಗೆ ಮನೆಯಲ್ಲೇ ಆಗುತ್ತಿತ್ತಂತೆ, ಈಗ ಬಹಳ ಇಳಿದಿದೆ. ಸೂಜಿ ಬೇಕೆಂದರೆ ಆಸ್ಪತ್ರೆಗೇ ಹೋಗಬೇಕು. ಮಂಚವನ್ನು ಇಟ್ಟಿಗೆಯಂಥ ಗುಟ್ಟಗಳ ಮೇಲೆ ಎತ್ತರಿಸಿಟ್ಟದ್ದು ಕಂಡು ನಾನು ಯಾವುದೋ ಶಾಸ್ತ್ರವೆಂದುಕೊಂಡಿದ್ದೆ. ಬಾಣಂತಿಯನ್ನು ನೋಡಿಕೊಳ್ಳುವವಳ ಸೊಂಟ ನೋಯದಿರಲಿ ಎಂದಂತೆ! ಎಂಟು ದಿನ ಮನೆಗೆ ಬಂದ ಆ ಹೆಂಗಸು ಮಗುವಿಗೆ ಸ್ನಾನ ಮಾಡಿಸಿ, ಬಂದವರಿಗೆ ರಸ್ಕಿನ ಮೇಲೆ ಬೆಣ್ಣೆ ಸವರಿ, ಸಕ್ಕರೆ ಲೇಪದ ಸೋಂಪು ಉದುರಿಸಿ ಕೊಡುತ್ತಿದ್ದಳು. ಹೆಣ್ಣಾದ್ದರಿಂದ ಗುಲಾಬಿ ಬಣ್ಣದ್ದು. ಸೋಂಪು ತಿಂದರೆ ಹಾಲು ಹೆಚ್ಚುತ್ತದೆಂಬ ಹಳೆಯ ನಂಬಿಕೆ ಅವರಲ್ಲೂ ಇದೆ. ನಮ್ಮ ಸಬ್ಬಸಿಗೆಯ ದೂರದ ನೆಂಟ ಇರಬೇಕು.

ನಾನು ಈ ಮಗಳನ್ನು ಹೆತ್ತದ್ದು 1996ರಲ್ಲಿ, ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ಅಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿದ್ದರು. ನಾನು ಕೂಗಿಕೊಂಡಾಗ ನರ್ಸ್ ಅಂದದ್ದನ್ನು ಬರೆಯಲು ಈಗಲೂ ಕೈ ಬರುವುದಿಲ್ಲ. ಹೆತ್ತವರಿಗೆ ಬಿಡಿಸಿ ಹೇಳಬೇಕಿಲ್ಲ, ಆ ಮಾತು ನಾಡಿನ ಎಷ್ಟು ಹೆಂಗಸರ ಕಿವಿಗೆ ಬಿದ್ದಿಲ್ಲ! ನನಗೆ ನೋವಿಗಿಂತ ಹೆಚ್ಚು ನೆನಪಿರುವುದು ಆ ಮಾತು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದವರು. ಅವರ ಬಗ್ಗೆ ಓದಿದಾಗೆಲ್ಲ ಅನ್ನಿಸುತ್ತದೆ, ಅವರ ಕೈಯಲ್ಲಿ ಸೂಜಿ ಇರಲಿಲ್ಲ, ಆದರೆ ಬೇನೆ ತಿನ್ನುವವಳು ಒಂಟಿಯಾಗಿರಲಿಲ್ಲ. ಆಗಿನ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳುವವಳಲ್ಲ, ಎಷ್ಟು ತಾಯಂದಿರು ಉಳಿಯಲಿಲ್ಲವೆಂಬುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಆದರೂ ಜೊತೆಗೊಬ್ಬರು ಬೇಕು. 2016ರಲ್ಲಿ ಕೇಂದ್ರ ಸರ್ಕಾರವೇ ಹೆರಿಗೆ ಕೋಣೆಯಲ್ಲಿ ಜೊತೆಗಾತಿ ಇರಬಹುದೆಂದಿತು. ಆರೋಗ್ಯವಂತ ತಾಯಿ ಕೇಳಿದರೆ ಸೂಜಿ ಕೊಡಬಹುದೆಂದು 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತು.

ಕೊಡಲು ಅರಿವಳಿಕೆ ಡಾಕ್ಟರು ಹಗಲೂ ರಾತ್ರಿ ಇರಬೇಕಲ್ಲ! ನಮ್ಮಂಥ ಊರುಗಳಲ್ಲಿ ಅವರು ಸಿಸೇರಿಯನ್ನಿಗೆ ಸಿಕ್ಕಿದರೇ ಪುಣ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ನೂರು ಹೆರಿಗೆಗಳಲ್ಲಿ ಮೂವತ್ತೊಂದಕ್ಕೂ ಹೆಚ್ಚು ಸಿಸೇರಿಯನ್. ನೋವಿಗೆ ಹೆದರಿ ಹೊಟ್ಟೆ ಕೊಯ್ಯಿಸಿಕೊಂಡವರು ಅವರಲ್ಲಿ ಎಷ್ಟೋ. ಬೇನೆ ತಿನ್ನಲಾರೆ ಎಂದವಳನ್ನು ಕೊಯ್ಯಲು ನಾವು ಒಪ್ಪುತ್ತೇವೆ, ಸೂಜಿ ಎಂದರೆ ಮಾತ್ರ ಮಮತೆಯ ಮಾತು ಎತ್ತುತ್ತೇವೆ.

ಮಗಳು ಮೊದಲನೆಯದನ್ನು ಬರೀ ಉಸಿರಾಟದ ಅಭ್ಯಾಸದಿಂದಲೇ ಹೆತ್ತಳು. ಬರುವ ಚೈತ್ರದಲ್ಲಿ ಎರಡನೆಯದು. ಈ ಸಲ ಆಸ್ಪತ್ರೆಯಲ್ಲೇ ಎಂದು ಸೂಲಗಿತ್ತಿಗೆ ಬರೆದುಕೊಟ್ಟಿದ್ದಾಳಂತೆ: ನಾಲ್ಕು ಗಂಟೆ ನೋಡುತ್ತೇನೆ, ಆಮೇಲೆ ಸೂಜಿ, ಜೊತೆಗೆ ಅಮ್ಮ. ಅಂಟಿನುಂಡೆಗೆ ಒಣಕೊಬ್ಬರಿ ತುರಿಯುವುದು ಬಾಕಿಯಿದೆ.